ತೂಬು ಮುಚ್ಚುವ ಮುನ್ನ

ಎರಡು ವರ್ಷದ ಹಿಂದಿನ ಮಾತು. ನಾನಾಗ ಮದ್ದೂರು ಕಡೆಯ ಒಂದು ನಾಲಾ ಉಪವಿಭಾಗದಲ್ಲಿ ಎಂಜಿನಿಯರ್. ನಿವೃತ್ತಿಗೆ ಕೆಲವೇ ತಿಂಗಳಿತ್ತು. ಆಗಷ್ಟೇ ಡಿಗ್ರಿ ಮುಗಿಸಿದ್ದ ಮಂಡ್ಯದ ಹುಡುಗಿ ಸ್ಫೂರ್ತಿ ನನ್ನ ಕೈಕೆಳಗೆ ಕೆಲಸಕ್ಕೆ ಸೇರಿದಳು. ನಾಲೆಯ ಹರಿವು, ಮಣ್ಣು, ಬೆಳೆಯ ವಿವರ ಕೊಟ್ಟು, ಯಾವ ತೂಬನ್ನು ಎಷ್ಟು ದಿನ ತೆರೆದಿಡಬೇಕೆಂದು ಎಐ ಸಾಫ್ಟ್‌ವೇರ್‌ನಿಂದ ಕ್ಷಣದಲ್ಲಿ ಹೇಳಿಸುತ್ತಿದ್ದಳು. ನನಗಂತೂ ನಿವೃತ್ತಿಗೆ ಮುಂಚೆಯೇ ಪಿಂಚಣಿ ಸಿಕ್ಕಷ್ಟು ಖುಷಿ.

ಆ ಮುಂಗಾರಿನಲ್ಲಿ ನಾಲೆಗೆ ಬಂದ ನೀರೇ ಕಡಿಮೆ. ನಾಲೆಯ ಕೊನೆ ಭಾಗದಲ್ಲಿ ಸಾಕಮ್ಮ ಎಂಬಾಕೆಯ ಭತ್ತದ ಸಸಿ ನಾಟಿಗೆ ಬಲಿತು ನಿಂತಿತ್ತು. ವಾರದೊಳಗೆ ನೀರು ಸಿಗದಿದ್ದರೆ ಆಕೆಗೆ ಆ ವರ್ಷದ ಬೆಳೆಯೇ ಇಲ್ಲ. ಮೇಲ್ಭಾಗದ ಜವರೇಗೌಡರ ಗದ್ದೆಯ ತೂಬನ್ನು ನಾಲ್ಕು ದಿನ ಮುಚ್ಚಿದರೆ ಕೊನೆಯವರೆಗೂ ನೀರು ತಲುಪುತ್ತದೆ, ಗೌಡರ ಪೈರಿಗೂ ನಷ್ಟವಿಲ್ಲ ಎಂದಿತು ಕಂಪ್ಯೂಟರ್. ನಾನೂ ಗುಣಿಸಿ ನೋಡಿದೆ; ಲೆಕ್ಕ ಸರಿಯಿತ್ತು.

ಊರಿನ ಡೈರಿ ಮುಂದೆ ಸಭೆ ಸೇರಿಸಿ ಸ್ಫೂರ್ತಿ ಅದನ್ನು ಓದಿದಳು.

"ನನ್ ಗದ್ದೆ ತೂಬ ಮುಚ್ಚಾಕೆ ನೀನ್ಯಾರವ್ವ?" ಎಂದು ಜವರೇಗೌಡರು ಎದ್ದೇಬಿಟ್ಟರು. ಅವರ ಹಿಂದೆ ಅರ್ಧ ಸಭೆಯೂ ಎದ್ದಿತು. ಮರುದಿನ ತೂಬಿನ ಹತ್ತಿರ ಜನ ಕಾವಲು ಕೂತರು. ಪೊಲೀಸರಿಗೆ ಹೇಳೋಣವೆಂದು ನಾನು ಫೋನು ಎತ್ತಿಕೊಂಡರೆ, "ಸಾರ್, ಒಂದ್ಸಲ ಅವರ ಮನೆಗೆ ಹೋಗಿ ಬರೋಣ" ಎಂದಳು ಸ್ಫೂರ್ತಿ.

ಗೌಡರು ಮುಖ ಗಂಟಿಕ್ಕಿಕೊಂಡೇ ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಡಿಸಿದರು. ಅವಳು ಲ್ಯಾಪ್‌ಟಾಪ್ ಹೊರಗೆ ತೆಗೆಯಲೇ ಇಲ್ಲ. "ಯಾಕೆ ಬೇಡ ಅಂತೀರಿ, ಹೇಳಿ ಗೌಡ್ರೇ" ಎಂದು ಕೇಳಿ ಸುಮ್ಮನೆ ಕೂತಳು. ಸಮಜಾಯಿಷಿ ಕೊಡಲು ನನಗೆ ಬಾಯಿ ತುರಿಸುತ್ತಿತ್ತು. ಅವಳ ಮುಖ ನೋಡಿ ತಡೆದುಕೊಂಡೆ.

"ಸಾಕಮ್ಮನ್ ಪೈರು ಒಣಗ್ಲಿ ಅಂತ ನಂಗೇನ್ ಆಸೆನಾ? ಓದ್ಸಾರಿ ಮೂರ್ ದಿನ ಅಂತ ಮುಚ್ಚುದ್ರು. ಎಂಟ್ ದಿನ ಆದ್ರೂ ತಗೀನಿಲ್ಲ. ಕೇಳುದ್ರೆ ಮೇಲಿಂದ ಆರ್ಡರು ಅಂದ್ರು. ಈಗ ಕಂಪ್ಯೂಟ್ರು ಅಂತೀರ. ಅದು ಮಾತ್ ತಪ್ಪುದ್ರೆ ನಾನ್ ಯಾರ್ ಮನೆ ಬಾಗ್ಲಿಗೆ ಓಗ್ಲಿ?"

"ನನ್ನ ಮನೆಗೆ ಬನ್ನಿ" ಎಂದಳು ಸ್ಫೂರ್ತಿ. "ಐದನೇ ದಿನ ಬೆಳಿಗ್ಗೆ ನಾನೇ ನಿಂತು ತೂಬು ತೆಗೆಸ್ತೀನಿ."

ಗೌಡರು ಅವಳ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಹಾಕಿಸಿದರು. ಕೊನೆಗೆ "ಮುಚ್ಚುಸವ್ವ" ಎಂದರು.

ಸಾಕಮ್ಮನ ನಾಟಿ ಆಯಿತು. ಐದನೇ ದಿನ ಭಾನುವಾರ. ಸ್ಫೂರ್ತಿ ಮಂಡ್ಯದಿಂದ ಮೊದಲ ಬಸ್ಸಿಗೇ ಬಂದಳು. ತೂಬಿನ ಹತ್ತಿರ ಆಗಲೇ ಕೂತಿದ್ದ ಗೌಡರು, "ರಜಾ ದಿನ, ಬರಾಕಿಲ್ಲ ಅನ್ಕಂಡಿದ್ದೆ ಕಣವ್ವ" ಎಂದರು. ಅವಳು ಅವರ ಎದುರೇ ನಿಂತು ತೂಬು ತೆಗೆಸಿದಳು.

ಇನ್ನು ಮುಂದೆ ನಾವು ಏನು ಕಲಿಯಬೇಕು ಎಂದು ಎಂಜಿನಿಯರಿಂಗ್ ಓದುವ ಮಕ್ಕಳು ಈಗ ಕೇಳುತ್ತಾರೆ. ಸಾಫ್ಟ್‌ವೇರ್ ಧಾರಾಳವಾಗಿ ಕಲಿಯಿರಿ. ಲೆಕ್ಕ ಬಂದ ಮೇಲೆ, ಅದನ್ನು ಕಂಡು ಯಾರಿಗೆ ಅಂಜಿಕೆಯೋ ಅವರ ಪಕ್ಕ ಕೂತು ಕೇಳುವುದನ್ನೂ ಕಲಿಯಿರಿ. ಆಮೇಲೆ ಮಾತು ಕೊಡಿ. ಕೊಟ್ಟ ಮೇಲೆ, ಭಾನುವಾರವಾದರೂ ಸರಿ, ಬಸ್ಸು ಹತ್ತಿ.