ಅತ್ತೆ ಬಿಟ್ಟ ಉಪ್ಪು

ನನ್ನ ಗಂಡನ ಸೋದರತ್ತೆ ಕಾಶಿಗೆ ಬಂದದ್ದು ಸಾಯಲಿಕ್ಕೆ. ಅದನ್ನವರು ಮುಚ್ಚಿಟ್ಟವರೇ ಅಲ್ಲ, ನನ್ನಿಂದ ಹಿಂದಿಯಲ್ಲಿ ಹಾಲಿನವನಿಗೂ ಹೇಳಿಸಿದ್ದರು. ಎಪ್ಪತ್ತರ ದಶಕದ ಆ ದಿನಗಳಲ್ಲಿ, ದಶಾಶ್ವಮೇಧದ ಹತ್ತಿರದ ಆ ಗಲ್ಲಿಯಲ್ಲಿ, ಗಂಡನನ್ನು ಬಿಟ್ಟರೆ ನನ್ನೊಡನೆ ಕನ್ನಡ ಮಾತಾಡುವವರು ಅವರೊಬ್ಬರೇ.

ಬಂದ ವರ್ಷವೇ ಅವರ ಹೊಟ್ಟೆ ಊದಿಕೊಂಡಿತು. ನಾನೂ ಆಗ ಬಸುರಿ. ನಾವಿಬ್ಬರೂ ಜೊತೆಗೆ ಹೊರಟರೆ ಎದುರಿನ ಹಸುವೇ ಹಿಂದೆ ಸರಿಯಬೇಕೆಂದು ನನ್ನವರು ತಮಾಷೆ ಮಾಡುತ್ತಿದ್ದರು. ಡಾಕ್ಟರು ಲಿವರ್ ಸಿರೋಸಿಸ್ ಎಂದರು. ಕುಡಿಯುವ ಅಭ್ಯಾಸ ಇದೆಯೇ ಎಂದು ಕೇಳಿದ್ದಕ್ಕೆ ಅತ್ತೆ, ಗಂಗೆಯ ನೀರು ಮಾತ್ರ ಎಂದು ಗುಡುಗಿದರು. ಡಾಕ್ಟರು, ಎಂದೋ ಬಂದ ಕಾಮಾಲೆ ಹೀಗೆ ಮಾಡಿರಬಹುದೆಂದು ಸಮಾಧಾನ ಹೇಳಿ, ಸೂಜಿ ಚುಚ್ಚಿ ಹೊಟ್ಟೆಯ ನೀರು ತೆಗೆದು, ಮಾತ್ರೆ ಕೊಟ್ಟು, "ನಮಕ್ ಬಿಲ್ಕುಲ್ ಬಂದ್" ಎಂದು ಕಳಿಸಿದರು.

ಅವರ ಅಡುಗೆಗೆ ನಾನು ಒಂದು ಹರಳು ಉಪ್ಪೂ ಹಾಕಲಿಲ್ಲ. ಆದರೂ ನೀರು ಮತ್ತೆ ತುಂಬಿತು. ಪದೇ ಪದೇ ತೆಗೆದರೆ ಮುದುಕಿಯ ಜೀವ ತಡೆಯುವುದಿಲ್ಲ ಎಂದು ಡಾಕ್ಟರು ನನ್ನನ್ನೇ ಬೈದರು. ನನಗೆ ಮೈಯೆಲ್ಲ ಉರಿಯಿತು. ಮರುದಿನ ಬಡಿಸಿ, ಎದುರಿಗೇ ಕಣ್ಣಿಟ್ಟು ಕೂತೆ. ಅತ್ತೆ ತಮ್ಮ ಮಡಿ ಡಬ್ಬಿ ತೆಗೆದು ಅನ್ನಕ್ಕೆ ಧಾರಾಳವಾಗಿ ಏನನ್ನೋ ಉದುರಿಸಿಕೊಂಡರು.

"ಇದೆಲ್ಲಿ ಉಪ್ಪು? ಸೈಂಧವ. ಏಕಾದಶಿಗೇ ನಡೀತದ, ನಿನ್ನ ಡಾಕ್ಟರಿಗೆ ನಡಿಯೂದಿಲ್ಲೇನು?"

ಉಪವಾಸಕ್ಕೆ ಉಪ್ಪಲ್ಲದ್ದು ಹೊಟ್ಟೆಗೆ ಉಪ್ಪೇ ಎಂದು ಎಷ್ಟು ಬಡಕೊಂಡರೂ ಕೇಳಲಿಲ್ಲ. ಸಾಯಲಿಕ್ಕೆ ಬಂದವಳಿಗೆ ಪಥ್ಯ ಯಾಕೆ ಎಂದು ತಿರುಗಿಬಿದ್ದರು. ನನ್ನ ಸಿಟ್ಟೂ ನೆತ್ತಿಗೇರಿತು.

"ಹೋಗ್ರಿ ಹಂಗಾದ್ರ. ನಂಗ ತಾಯಿ ಇಲ್ಲ. ನನ್ನ ಬಾಣಂತನ ಯಾರು ಮಾಡ್ತಾರ, ಆ ಡಾಕ್ಟರೇನು?" ಎಂದವಳೇ ಅತ್ತುಬಿಟ್ಟೆ.

ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು. ಮಜ್ಜಿಗೆ ಅನ್ನವನ್ನು ಸಪ್ಪಗೇ ಉಂಡು ಎದ್ದರು.

ಬೆಳಿಗ್ಗೆ ನನ್ನ ಭುಜ ಹಿಡಿದು, ಏದುಸಿರು ಬಿಡುತ್ತ ಘಾಟಿನ ಮೆಟ್ಟಿಲಿಳಿದರು. ಕಾಶಿಗೆ ಬಂದವರು ಇಷ್ಟದ್ದೊಂದನ್ನು, ಇನ್ನೆಂದೂ ತಿನ್ನುವುದಿಲ್ಲವೆಂದು, ಗಂಗೆಯಲ್ಲಿ ಬಿಡುವುದು ರೂಢಿ. ಬಂದ ಹೊಸದರಲ್ಲಿ ಅತ್ತೆ ಹಾಗಲಕಾಯಿ ಬಿಟ್ಟಿದ್ದರು. ಅದು ಅವರಿಗೆ ಮೊದಲೇ ಸೇರುತ್ತಿರಲಿಲ್ಲ. ಈ ಸಲ ಏನು ಎಂದು ಘಾಟಿನ ಪುರೋಹಿತ ಪಂಡಾ ಕೇಳಿದ. ಅತ್ತೆ ಬೊಗಸೆಯಲ್ಲಿ ನೀರು ಹಿಡಿದು, ಉಪ್ಪು ಎಂದರು. ಸ್ವಲ್ಪ ತಡೆದು, ಸೈಂಧವವೂ ಎಂದರು. ಎರಡನ್ನೂ ನಾನು ಹಿಂದಿಯಲ್ಲಿ ಹೇಳಿದೆ. ಪಂಡಾ ತಲೆಯಾಡಿಸಿ, ಮೋಕ್ಷ ಸಿಗಲೆಂದು ಸಂಕಲ್ಪ ಹೇಳತೊಡಗಿದ. ಅತ್ತೆ ನೀರು ಬಿಡದೆ ನನ್ನತ್ತ ತಿರುಗಿದರು.

"ಅವಂಗ ಹಿಂದಿಯೊಳಗ ಹೇಳು. ಮೋಕ್ಷ ಈಗ ಬ್ಯಾಡ, ಮದ್ಲ ಬಾಣಂತನ ಆಗ್ಲಿ."