ಗಾಳದ ಕೋಲಿಗೆ ತಲೆಸ್ನಾನ

ನಾನು ಶುದ್ಧ ಸಸ್ಯಾಹಾರಿ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವವನಲ್ಲ. ಆದರೂ ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ ಊರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಮೂರು ಗಾಳದ ಕೋಲುಗಳಿವೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೆಂಡತಿಯ ಮುಖ ನೋಡುತ್ತಾರೆ. ಅವಳು ಸೂರಿನ ಕಡೆ ನೋಡುತ್ತಾಳೆ.

ವಿಷಯ ಇಷ್ಟೇ. ನಾನು ಮೀನು ಹಿಡಿಯುತ್ತೇನೆ, ಒಂದು ಕ್ಷಣ ಕಣ್ಣು ತುಂಬ ನೋಡುತ್ತೇನೆ, ಮತ್ತೆ ನೀರಿಗೆ ಬಿಡುತ್ತೇನೆ. ಇದಕ್ಕೆ ಯಾವ ತತ್ತ್ವಜ್ಞಾನವೂ ಇಲ್ಲ. ವಾರವೆಲ್ಲ ಮೀಟಿಂಗಿನಲ್ಲಿ ಮಾತಾಡಿದವನಿಗೆ ಶನಿವಾರ ಬೆಳಿಗ್ಗೆ ಮಾತಾಡದ ಪ್ರಾಣಿಯೊಂದರ ಸಹವಾಸ ಹಿತವಾಗಿರುತ್ತದೆ. ಅದರಲ್ಲೂ ನನಗೆ ಟ್ರೌಟ್ ಎಂದರೆ ಪ್ರಾಣ. ಮೈಮೇಲೆ ಗುಲಾಬಿ ಬಣ್ಣದ ಪಟ್ಟಿ, ಯಾರೋ ಕೂತು ಇಟ್ಟಂಥ ಚುಕ್ಕಿಗಳು. ತೊಂದರೆ ಏನೆಂದರೆ ಅದು ತಣ್ಣೀರಿನ ಮೀನು. ಟೆಕ್ಸಸ್ಸಿನ ಬೇಸಿಗೆಯಲ್ಲಿ ಬದುಕುವುದಿಲ್ಲ. ಆದ್ದರಿಂದ ಊರಿನ ಪಾರ್ಕುಗಳ ಕೊಳಕ್ಕೆ ಅದನ್ನು ತಂದು ಬಿಡುವುದು ಚಳಿಗಾಲದಲ್ಲಿ ಮಾತ್ರ. ಬುದ್ಧಿ ಇರುವವರೆಲ್ಲ ರಗ್ಗು ಹೊದ್ದು ಮಲಗಿರುವ ಹೊತ್ತಿಗೆ ನಾನು ಮೂಗು ಕೆಂಪಗೆ ಮಾಡಿಕೊಂಡು ಕೊಳದ ದಂಡೆಯಲ್ಲಿ ನಿಂತಿರುತ್ತೇನೆ.

ಗಾಳದ ಕೋಲನ್ನು ಹತ್ತಿರದಿಂದ ನೋಡದವರಿಗೆ ಒಂದು ಮಾತು. ಕೋಲಿನ ಉದ್ದಕ್ಕೂ ಸಣ್ಣ ಸಣ್ಣ ಉಂಗುರಗಳಿರುತ್ತವೆ, ದಾರ ಅವುಗಳೊಳಗಿಂದ ಓಡಾಡುತ್ತದೆ. ಪ್ರತಿಸಲ ದಾರ ಸುತ್ತುವಾಗ ಅದು ನೀರನ್ನು ಹೊತ್ತು ತರುತ್ತದೆ. ಮೈ ಕೊರೆಯುವ ಚಳಿಯಲ್ಲಿ ಆ ಹನಿ ಉಂಗುರದಲ್ಲೇ ಮಂಜುಗಡ್ಡೆಯಾಗುತ್ತದೆ. ಹತ್ತು ಸಲ ಎಸೆಯುವಷ್ಟರಲ್ಲಿ ಉಂಗುರ ಮುಚ್ಚಿ, ದಾರ ಸಿಕ್ಕಿ, ಕೈಯಲ್ಲಿ ಉಳಿಯುವುದು ದನ ಕಾಯುವ ಕೋಲು. ಆಗ ಬಾಯಿಂದ ಊದಬೇಕು, ಬೆರಳಿಂದ ಉಜ್ಜಬೇಕು. ಅಷ್ಟರಲ್ಲಿ ಮೀನು ಬಂದು ಎರೆ ತಿಂದು ಹೋಗಿರುತ್ತದೆ.

ಇದಕ್ಕೆ ಮದ್ದು ಕೇಳಿಕೊಂಡು ನಾನು ಅಲೆಯದ ಜಾಗವಿಲ್ಲ. ಗಾಳದ ಅಂಗಡಿಯ ಮುದುಕರು ಲಿಪ್ ಬಾಮ್ ಸವರು ಎಂದರು. ಹೆಂಡತಿ ಶೈಲಾಳ ಸ್ಟ್ರಾಬೆರಿ ವಾಸನೆಯ ಲಿಪ್ ಬಾಮ್ ಒಂದೇ ಬೆಳಿಗ್ಗೆ ಮುಗಿಯಿತು, ಆ ವಾರ ಮನೆಯಲ್ಲಿ ನನ್ನ ಜೊತೆ ಮಾತೂ ಮುಗಿಯಿತು. ಅಡುಗೆಮನೆಯ ಎಣ್ಣೆಯ ಸ್ಪ್ರೇ ಹೊಡೆದು ನೋಡಿದೆ. ಕೆಲಸವೇನೋ ಮಾಡಿತು, ಆದರೆ ಡಬ್ಬಿ ಖಾಲಿಯಾಗಿ ಮಾರನೆಯ ದಿನ ದೋಸೆ ಹೆಂಚು ಬಿಟ್ಟು ಏಳಲಿಲ್ಲ. ಹೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ ರಾಕೆಟ್ಟಿನ ಕೆಲಸ ಮಾಡುವ ಗೆಳೆಯ ನಾಗರಾಜನಿಗೆ ಫೋನ್ ಮಾಡಿದೆ. ಇಂಜಿನಿಯರಲ್ಲವೇ, ಮೂಲಕ್ಕೇ ಕೈಹಾಕಿದ. "ಅಲ್ಲಾ ಗುರೂ, ನಾವಿಲ್ಲಿ ಜನವರೀಲೂ ಫ್ಯಾನ್ ಹಾಕ್ಕೊಂಡ್ ಕೂತಿದೀವಿ. ನೀನೂ ಹೂಸ್ಟನ್ನಿಗೆ ಶಿಫ್ಟ್ ಆಗ್ಬಿಡು, ಪ್ರಾಬ್ಲಮ್ ಸಾಲ್ವ್!"

ಇಂಥ ಹೊತ್ತಿನಲ್ಲಿ, ಎರಡು ಸಾವಿರದ ಹದಿನಾಲ್ಕರ ಜನವರಿಯಲ್ಲಿ, ಹುಬ್ಬಳ್ಳಿಯಿಂದ ನಮ್ಮತ್ತೆ ಬಂದರು. ಮಡಿವಂತಿಕೆಯ ಮಾತಾಡುವವರಲ್ಲ, ಆದರೆ ಅವರ ಕಡೆಯ ಏಳು ತಲೆಮಾರಿನಲ್ಲಿ ಯಾರೂ ಮೀನನ್ನು ಕೈಯಿಂದ ಮುಟ್ಟಿದವರಿಲ್ಲ. ವಿಮಾನ ಇಳಿಯುವ ಹಿಂದಿನ ದಿನವೇ ಶೈಲಾ ಅಪ್ಪಣೆ ಹೊರಡಿಸಿದಳು. "ಅವ್ವ ಇರೂತನಕಾ ಮೀನಿನ ಸುದ್ದಿ ಎತ್ತಬ್ಯಾಡ್ರಿ. ನಮ್ಮ ಅಳಿಯ ದೇವರಂಥಾವ ಅಂತ ಹೇಳ್ಕೊಂತ ಊರೆಲ್ಲಾ ತಿರುಗ್ಯಾಳ."

ಅತ್ತೆ ಇರುವುದು ಮೂರು ತಿಂಗಳು. ಟ್ರೌಟ್ ಇರುವುದೂ ಅದೇ ಮೂರು ತಿಂಗಳು. ಒಂದು ಕಡೆ ವರ್ಷವಿಡೀ ಕಾದ ಮೀನು, ಇನ್ನೊಂದು ಕಡೆ ದೇವರಂಥವನೆಂಬ ಬಿರುದು. ಮೈಸೂರಿನವನಾದ ನನಗೆ ಹುಬ್ಬಳ್ಳಿಯ ಮಾವನ ಮನೆಯಲ್ಲಿ ಆ ಬಿರುದು ಸುಮ್ಮನೆ ಸಿಕ್ಕಿದ್ದಲ್ಲ. ಹತ್ತು ವರ್ಷ ಖಾರದ ಚಟ್ನಿಪುಡಿ ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡೇ "ಚೆನ್ನಾಗಿದೆ" ಎಂದು ಗಳಿಸಿದ್ದು. ಎರಡನ್ನೂ ಬಿಡಲು ಮನಸ್ಸಾಗದೆ, ಶನಿವಾರದ ಬೆಳಿಗ್ಗೆ "ವಾಕಿಂಗ್" ಶುರುಮಾಡಿದೆ.

ಹೊಸದಾಗಿ ತಂದ ಲಿಪ್ ಬಾಮೂ ಸ್ಪ್ರೇಯೂ ಈಗ ನನ್ನ ಕೈಗೆ ಸಿಗದಂತೆ ಬೀರು ಸೇರಿದ್ದವು. ಎರಡನೆಯ ಶನಿವಾರ ಬಚ್ಚಲುಮನೆಯಲ್ಲಿ ತೆಂಗಿನೆಣ್ಣೆಯ ಬಾಟಲಿ ಕಂಡಿತು. ಹೀಟರಿನ ಬಿಸಿಗೆ ತಿಳಿನೀರಿನ ಹಾಗೆ ಹೊಳೆಯುತ್ತಿತ್ತು. ನನಗೆ ಜ್ಞಾನೋದಯವಾಯಿತು. ತಲೆಗೆ, ಒಡೆದ ತುಟಿಗೆ, ಕಿರುಗುಟ್ಟುವ ಬಾಗಿಲಿಗೆ, ಮಗುವಿನ ಮೈಗೆ, ಎಲ್ಲಕ್ಕೂ ಆಗುವ ಎಣ್ಣೆ ಗಾಳದ ಕೋಲಿಗೆ ಏಕಾಗಬಾರದು? ಬಾಟಲಿ ಎತ್ತಿಕೊಂಡೆ. ಕೊಳದ ದಂಡೆಯಲ್ಲಿ ಒಂದೊಂದು ಉಂಗುರಕ್ಕೂ ಧಾರಾಳವಾಗಿ ಸವರಿದೆ.

ಮೈಸೂರಿನಲ್ಲಿ ನಾನು ಹದಿನೆಂಟು ಡಿಸೆಂಬರ್ ಕಳೆದವನು. ಸ್ನಾನಕ್ಕೆ ಮುಂಚೆ ಗಟ್ಟಿಯಾದ ಕೊಬ್ಬರಿ ಎಣ್ಣೆಯನ್ನು ಬಿಸಿಲಿಗಿಟ್ಟು, ಕಡ್ಡಿ ಹಾಕಿ ಕೆದಕಿ ತೆಗೆದವನು. ಅಂಥ ನಾನು ಡಲ್ಲಾಸಿನ ಜನವರಿಯಲ್ಲಿ ಅದೇ ಎಣ್ಣೆಯನ್ನು ಹಚ್ಚಿದೆ! ಎರಡೇ ನಿಮಿಷ. ಅಷ್ಟೂ ಉಂಗುರಗಳು ಬೆಳ್ಳಗೆ ಮೇಣದ ಹಾಗೆ ಮುಚ್ಚಿಕೊಂಡವು. ಮಂಜುಗಡ್ಡೆಗೆ ಕೆಲಸವೇ ಉಳಿಯಲಿಲ್ಲ.

ಮನೆಗೆ ಬಂದು, ಸದ್ದಿಲ್ಲದೆ ಗ್ಯಾರೇಜು ಸೇರಿ, ಶೈಲಾಳ ಹೇರ್ ಡ್ರೈಯರಿನಿಂದ ಎಣ್ಣೆ ಕರಗಿಸುತ್ತ ಕೂತೆ. ಬಾಗಿಲು ತೆರೆಯಿತು. ಅತ್ತೆ ನಿಂತಿದ್ದರು, ಬಿಚ್ಚಿದ ಕೂದಲು, ಹೆಗಲ ಮೇಲೆ ಟವೆಲು. ಅವರ ತಲೆಸ್ನಾನದ ದಿನ, ಹುಡುಕುತ್ತಿದ್ದದ್ದು ಅವರದೇ ಎಣ್ಣೆಯ ಬಾಟಲಿ. ಅದು ನನ್ನ ಕಾಲ ಬಳಿ ಇತ್ತು.

"ಏನ್ರಿ ಅಳಿಯಂದ್ರ, ಕೋಲಿಗೆ ತಲಿಸ್ನಾನ ಮಾಡಸಾಕತ್ತೀರೇನು?"

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ವಾಕಿಂಗಿನಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡೆ.

"ತಿಂತೀರೇನು?"

"ಇಲ್ಲ ಅತ್ತೆ. ಹಿಡಿದು ಮತ್ತೆ ಬಿಟ್ಬಿಡ್ತೀನಿ."

"ಬಿಡೂದಾದ್ರ ಹಿಡಿಯೂದ್ಯಾಕ್ರಿ?"

ಕೇಳಿದವರೇ ಅತ್ತೆ ತಿರುಗಿ ಒಳಗೆ ಹೋದರು. ಹತ್ತು ವರ್ಷದ ಚಟ್ನಿಪುಡಿ ಒಂದೇ ಬೆಳಿಗ್ಗೆ ನೀರುಪಾಲಾಯಿತೆಂದು ನಿಜಕ್ಕೂ ಸಂಕಟವಾಯಿತು. ಹೇರ್ ಡ್ರೈಯರ್ ಆರಿಸುವುದನ್ನೂ ಮರೆತು ಕೂತಿದ್ದೆ.

ಐದು ನಿಮಿಷಕ್ಕೆ ಅತ್ತೆ ಮತ್ತೆ ಬಂದರು. ಕೈಯಲ್ಲಿ ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಶೀಸೆ. ಅಂಗಾಲಿಗೆ ಹಚ್ಚಿಕೊಳ್ಳಲು ಹುಬ್ಬಳ್ಳಿಯಿಂದ ತಂದಿದ್ದು.

"ಕೊಬ್ಬರಿ ಎಣ್ಣಿ ಥಂಡಿಗೆ ಗಟ್ಟಿ ಆಗತೈತಿ ಅಂತ ಸಣ್ಣ ಹುಡುಗ್ರಿಗೂ ಗೊತ್ತೈತಿ. ಹಚ್ಚೂದಾದ್ರ ಔಡಲೆಣ್ಣಿ ಹಚ್ರಿ. ಎಂಥಾ ಥಂಡಿಗೂ ಅದು ಜಪ್ಪಯ್ಯ ಅನ್ನಂಗಿಲ್ಲ. ತಪ್ಪು ಮಾಡೂದಾದ್ರೂ ನೆಟ್ಟಗ ಮಾಡ್ರಿ."

ನಾವು ಮೈಸೂರಿನವರು ಹರಳೆಣ್ಣೆ ಎನ್ನುವುದನ್ನೇ ಅವರು ಔಡಲೆಣ್ಣೆ ಎನ್ನುವುದು. ಬಾಲ್ಯದಲ್ಲಿ ರಜೆಗೊಮ್ಮೆ ಮೂಗು ಹಿಡಿದು ಕುಡಿಸುತ್ತಿದ್ದರಲ್ಲ, ಅದೇ. ಅದರ ಹೆಸರು ಕೇಳಿದರೆ ನನ್ನ ಕೈ ಇವತ್ತಿಗೂ ತಾನಾಗಿ ಮೂಗಿಗೆ ಹೋಗುತ್ತದೆ. ಲಿಪ್ ಬಾಮ್ ಹೇಳಿದ ಅಂಗಡಿಯವರಿಗೂ ರಾಕೆಟ್ಟಿನ ನಾಗರಾಜನಿಗೂ ಹೊಳೆಯದ್ದು ಅತ್ತೆಯ ಅಂಗಾಲಿಗೆ ಗೊತ್ತಿತ್ತು.

ಮುಂದಿನ ಶನಿವಾರ ಅತ್ತೆ ತಾವೂ ಬರುತ್ತೇನೆಂದರು. ಎಣ್ಣೆ ತಮ್ಮದು, ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಂತೆ. ಇಳಕಲ್ ಸೀರೆ, ಅದರ ಮೇಲೆ ನನ್ನ ಜಾಕೆಟ್, ತಲೆಗೆ ಮಂಕಿ ಕ್ಯಾಪ್, ಕಾಲಿಗೆ ಶೈಲಾಳ ಬೂಟು. ಕೊಳದ ದಂಡೆಯಲ್ಲಿ ಮಡಚುವ ಕುರ್ಚಿ ಹಾಕಿ ಕೂರಿಸಿದೆ. ಪಕ್ಕದಲ್ಲಿ ಗಾಳ ಹಾಕುತ್ತಿದ್ದ ಗಡ್ಡದ ಅಂಕಲ್ ಟೋಪಿ ಎತ್ತಿ ನಮಸ್ಕರಿಸಿದರು. ಹತ್ತು ಸಲ ಎಸೆದೆ, ಇಪ್ಪತ್ತು ಸಲ ಎಸೆದೆ. ಎಣ್ಣೆ ಅಂಟಂಟಾಗಿ ದಪ್ಪಗಾಯಿತು, ಆದರೆ ಹೆಪ್ಪುಗಟ್ಟಲಿಲ್ಲ. ಹನಿಗಳು ಉಂಗುರದಲ್ಲಿ ನಿಲ್ಲದೆ ಜಾರಿದವು. ಗಡ್ಡದ ಅಂಕಲ್ ತಮ್ಮ ಕೋಲನ್ನು ಊದುತ್ತ ನಮ್ಮ ಶೀಸೆಯನ್ನೇ ನೋಡುತ್ತಿದ್ದರು. ಅತ್ತೆ ಅವರ ಕೋಲಿಗೂ ಎರಡು ಹನಿ ಹಚ್ಚಿಸಿದರು.

ಎಂಟೂವರೆಗೆ ಮೀನು ಬಿತ್ತು. ಕೈ ಒದ್ದೆ ಮಾಡಿಕೊಂಡು, ಕೊಕ್ಕೆ ಬಿಡಿಸಿ, ನೀರಿನಲ್ಲೇ ಹಿಡಿದು ತೋರಿಸಿದೆ. ಅತ್ತೆ ಕುರ್ಚಿಯಿಂದ ಎದ್ದು ಬಂದು ಬಗ್ಗಿದರು. ಆ ಗುಲಾಬಿ ಪಟ್ಟಿಯನ್ನು ಬಹಳ ಹೊತ್ತು ನೋಡಿದರು. "ಅಯ್ಯ ಶಿವನ, ಎಷ್ಟ ಚಂದ ಐತ್ರಿ," ಎಂದರು. ಆಮೇಲೆ ಮೆಲ್ಲಗೆ, "ಸಾಕು, ಪಾಪ. ಬಿಡ್ರಿ." ಬೆರಳು ಸಡಿಲಿಸಿದೆ. ಮೀನು ಬಾಲ ಒಮ್ಮೆ ಬಡಿದು ಕಪ್ಪು ನೀರಿಗೆ ಹೊರಟುಹೋಯಿತು. ಅತ್ತೆ ಅದು ಹೋದ ಕಡೆಗೆ ಕೈಮುಗಿದರು.

ಬಿರುದು ಉಳಿಯಿತೋ ಹೋಯಿತೋ ಎಂದು ದಾರಿಯಲ್ಲಿ ಕೇಳುವ ಧೈರ್ಯ ನನಗೆ ಬರಲಿಲ್ಲ. ಮನೆಗೆ ಬಂದು ನಾನು ಕೋಲು ಒರೆಸುತ್ತಿದ್ದೆ. ಒಳಗೆ ಅತ್ತೆ ಹುಬ್ಬಳ್ಳಿಯಲ್ಲಿರುವ ತಂಗಿಗೆ ವಿಡಿಯೊ ಕಾಲ್ ಮಾಡಿ, ಎಲ್ಲ ಹುಬ್ಬಳ್ಳಿಯವರಂತೆ, ಫೋನಿಲ್ಲದೆಯೂ ಅಲ್ಲಿಗೆ ಕೇಳಿಸುವಷ್ಟು ಜೋರಾಗಿ ಹೇಳುತ್ತಿದ್ದರು:

"ನಮ್ಮ ಅಳಿಯಂದ್ರದು ಏನ್ ಹೇಳ್ಲಿ ತಂಗಿ! ಇಂಥಾ ಥಂಡ್ಯಾಗ, ವಾರಾ ವಾರಾ ಕೆರಿಗೆ ಹೋಗಿ ಮೀನಾ ಬಿಟ್ಟ ಬರತಾರ!"

ಹಿಡಿಯುವ ಸುದ್ದಿಯನ್ನು ಅವರು ಎತ್ತಲೇ ಇಲ್ಲ.