ಮಾವಿಸ್ ರೇಡಿಯೊಗೆ ಹೇಳಿದ ಮಾತು

ಮಾವಿಸ್ ಗಾರ್ಬಟ್ ಮನೆಯ ಅಡುಗೆಕೋಣೆಯಲ್ಲಿ ಗೋಡೆ ಗಡಿಯಾರ ಇತ್ತು, ಆದರೆ ಅದು ನಿಂತು ಎಷ್ಟು ವರ್ಷವಾಯಿತೆಂದು ಅವಳಿಗೇ ಗೊತ್ತಿರಲಿಲ್ಲ. ಹೊತ್ತು ತಿಳಿಯಲು ಕಿಟಕಿಯ ಬಳಿ ರೇಡಿಯೊ ಇತ್ತಲ್ಲ. ಅದು ಕಡಲ ಹವಾಮಾನ ಓದಿದರೆ ಏಳುವ ಹೊತ್ತು. ರೈತರ ಸುದ್ದಿಗೆ ಚಹಾ. ಮಂತ್ರಿಗಳನ್ನು ಕೂರಿಸಿಕೊಂಡು ಬೆವರಿಳಿಸುವ ಬೆಳಗಿನ ಕಾರ್ಯಕ್ರಮಕ್ಕೆ ಟೋಸ್ಟು, ಮಾರ್ಮಲೇಡು, ಜೊತೆಗೆ ಅವಳ ಬೈಗುಳ. ಹೆಂಗಸರ ಕಾರ್ಯಕ್ರಮಕ್ಕೆ ಪಾತ್ರೆ ತೊಳೆಯುವುದು, ಮಧ್ಯಾಹ್ನದ ನಾಟಕಕ್ಕೆ ಇಸ್ತ್ರಿ. ಸಂಜೆ ಏಳರ ಹಳ್ಳಿಯ ಧಾರಾವಾಹಿ ಶುರುವಾದರೆ ಯಾರು ಬಾಗಿಲು ಬಡಿದರೂ ತೆರೆಯುವ ಮಾತಿಲ್ಲ. ಆ ಧಾರಾವಾಹಿಯ ಮುದುಕನೊಬ್ಬ ಸತ್ತಾಗ ಅವಳಿಗೆ ಎರಡು ದಿನ ಊಟ ಸೇರಿರಲಿಲ್ಲ. ಸ್ವಂತ ಭಾವ ಸತ್ತಾಗ ಹೊಟ್ಟೆ ತುಂಬ ಉಂಡಿದ್ದಳು. ಭಾವನನ್ನು ಬಲ್ಲವರು ಯಾರೂ ಅದನ್ನು ತಪ್ಪೆನ್ನಲಿಲ್ಲ.

ಇದು ತಾಯಿಯಿಂದ ಬಂದ ಅಭ್ಯಾಸ. ಅಪ್ಪ ಹಲ್ ಬಂದರಿನ ಮೀನು ಹಡಗಿನಲ್ಲಿದ್ದ. ರೇಡಿಯೊದಲ್ಲಿ ಡಾಗರ್, ಹಂಬರ್ ಎಂದು ಕಡಲಿನ ಹೆಸರುಗಳು ಬರತೊಡಗಿದರೆ ಮನೆಯಲ್ಲಿ ಚಮಚ ಕೂಡ ಸದ್ದು ಮಾಡುವಂತಿರಲಿಲ್ಲ. ರೇಡಿಯೊ ಮಾತಾಡುವಾಗ ನಾವು ಬಾಯಿ ಬಿಡಬಾರದು ಎನ್ನುವುದು ಅಮ್ಮನ ಕಟ್ಟಳೆ. ಅಪ್ಪ ಹಡಗಿನ ಕೆಲಸ ಬಿಟ್ಟು, ಅವರೆಲ್ಲ ವಿದರ್ನ್‌ಸೀ ಎಂಬ ಈ ಕಡಲ ದಂಡೆಯ ಊರಿಗೆ ಬಂದ ಮೇಲೂ ಕಟ್ಟಳೆ ಹಾಗೇ ಉಳಿಯಿತು. ಮಾವಿಸ್ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸುತ್ತಾ ಅದನ್ನೇ ಸಹಾಯಕಿಯರ ಮೇಲೂ ಹೇರಿದಳು. ಮದುವೆಯಾಗಲಿಲ್ಲ. ಒಬ್ಬ ಕೇಳಿದ್ದನಂತೆ, ಆದರೆ ಆರು ಗಂಟೆಯ ಸುದ್ದಿಯ ಹೊತ್ತಿನಲ್ಲಿ ಕೇಳಿದ. ಸುಮ್ಮನಿರು ಎಂದಳು. ಅವನು ಸುಮ್ಮನಾದವನು ಮತ್ತೆ ಬಾಯಿ ತೆರೆಯಲೇ ಇಲ್ಲ.

ಪಕ್ಕದ ಮನೆಯ ಕ್ಲಿಫರ್ಡ್ ಸ್ಟೇದರ್ಸ್ ಹಾಗಲ್ಲ. ಅವನು ಬಸ್ ಓಡಿಸಿ ನಿವೃತ್ತನಾದವನು, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಎರಡು ಹಿತ್ತಲುಗಳ ನಡುವೆ ಸೊಂಟದೆತ್ತರದ ಬೇಲಿ. ದಿನಾ ಹನ್ನೊಂದು ಗಂಟೆಗೆ ಆಚೆ ಅವನು, ಈಚೆ ಇವಳು, ಕೈಯಲ್ಲಿ ಚಹಾ. ರೇಡಿಯೊ ಹೇಳಿದ್ದನ್ನೆಲ್ಲ ಅವಳು ಒಪ್ಪಿಸುವುದು, ಅವನು ಅದಕ್ಕೆಲ್ಲ ಕೊಂಕು ತೆಗೆಯುವುದು. ಅವನ ಆಸ್ತಿಯೆಂದರೆ ಬೇಲಿಯ ಬುಡದಲ್ಲಿದ್ದ ಹಳೆಯ ರೂಬಾರ್ಬ್ ಗಿಡ. ಅದರ ಹುಳಿ ದಂಟನ್ನು ಅವನು ಕೊಯ್ದು ಕೊಡುತ್ತಿದ್ದ, ಅವಳು ಸಕ್ಕರೆ ಸುರಿದು ಕ್ರಂಬಲ್ ಎಂಬ ಸಿಹಿತಿಂಡಿ ಮಾಡಿ ಅರ್ಧ ಹಿಂದಕ್ಕೆ ಕೊಡುತ್ತಿದ್ದಳು. ಗಿಡವೂ ನಿಧಾನವಾಗಿ ಬೇಲಿಯ ಕೆಳಗಿನಿಂದ ಈಚೆಗೆ ತಲೆಹಾಕಿತ್ತು.

ಆ ವರ್ಷ ಕ್ಲಿಫರ್ಡನ ಸೊಂಟ ಕೈಕೊಟ್ಟಿತು. ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ತಂಗಿಯ ಮಗಳು ಗಿಲಿಯನ್ ಹಲ್‌ನಲ್ಲಿ, ಲಿಫ್ಟ್ ಇರುವ ಕಟ್ಟಡದಲ್ಲಿ ಒಂದು ಫ್ಲಾಟ್ ನೋಡಿದಳು. ಜೂನ್ ತಿಂಗಳ ಒಂದು ಶುಕ್ರವಾರ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ರೂಬಾರ್ಬನ್ನೂ ಕಿತ್ತುಕೊಂಡು ಹೋಗಿ ಬಾಲ್ಕನಿಯ ಕುಂಡದಲ್ಲಿ ನೆಡುತ್ತೇನೆ ಎಂದು ಕ್ಲಿಫರ್ಡ್ ಬೇಲಿಯ ಮೇಲೆ ಕೈಯೂರಿ ಹೇಳಿದ. ಮಾವಿಸ್ ಒಳ್ಳೇದು ಎಂದಳು. ಒಳಗೆ ಬಂದು, ರೇಡಿಯೊದವರು ಅಕ್ಕಿಯ ಬೆಲೆಯ ಬಗ್ಗೆ ಏನೋ ಹೇಳುತ್ತಿದ್ದಾಗ ಅತ್ತಳು. ಹೋಗಬೇಡ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಆ ಊರಿನವರಿಗೆ ಯಾರಿಗೂ ಅಂಥ ಮಾತು ಬಾಯಿಗೆ ಬರುವುದಿಲ್ಲ.

ಅವನು ಹಾಗೆ ಹೇಳಿದ ಮುಂದಿನ ವಾರ, ಇನ್ನೂ ಮೇ ತಿಂಗಳಿರುವಾಗಲೇ, ರೇಡಿಯೊದ ತೋಟಗಾರಿಕೆ ಕಾರ್ಯಕ್ರಮದವರು ಊರಿಗೆ ಬಂದರು. ಚರ್ಚಿನ ಸಭಾಂಗಣದಲ್ಲಿ ಜನರನ್ನು ಕೂರಿಸಿ, ಪ್ರಶ್ನೆ ಕೇಳಿಸಿ, ತಜ್ಞರಿಂದ ಉತ್ತರ ಹೇಳಿಸಿ ಧ್ವನಿ ಮುದ್ರಿಸಿಕೊಂಡು ಹೋದರು. ಮಾವಿಸಳ ಮುಂದೆಯೂ ಮೈಕು ಹಿಡಿದರು. ಕ್ಲಿಫರ್ಡ್ ಆ ದಿನ ಸೊಂಟದ ನೋವಿಗೆ ಮಲಗಿದ್ದ. ಅವಳು ಅಲ್ಲಿ ಏನು ಕೇಳಿದಳೆಂದು ಅವನಿಗೆ ಹೇಳಲಿಲ್ಲ. ಜೂನಿನ ಆ ಶುಕ್ರವಾರ ಮೂರಕ್ಕೆ ರೇಡಿಯೊ ಹಾಕು ಎಂದಷ್ಟೇ ಹೇಳಿದಳು. ಹಾಕದೆ ಇರುತ್ತೇನಾ ಎಂದ.

ಆ ಶುಕ್ರವಾರ ಬೆಳಗಿನಿಂದ ಅವಳಿಗೆ ಯಾವುದೂ ಕಿವಿಗೆ ಹೋಗಲಿಲ್ಲ. ಮಂತ್ರಿ ಬೈಗುಳ ತಿನ್ನದೆ ಪಾರಾದ. ನಾಟಕದಲ್ಲಿ ಯಾರು ಯಾರನ್ನು ಕೊಂದರೋ ತಿಳಿಯಲಿಲ್ಲ, ದಿಂಬಿನ ಹೊದಿಕೆ ಸ್ವಲ್ಪ ಸುಟ್ಟಿತು. ಅವಳಿಗೆ ಎರಡು ಚಿಂತೆ. ತನ್ನ ಪ್ರಶ್ನೆಯ ಬಾಲವನ್ನು ರೇಡಿಯೊದವರು ಕತ್ತರಿಸಿ ಹಾಕಿದ್ದರೆ? ಕತ್ತರಿಸದೆ ಇದ್ದರೆ?

ಮೂರಾಯಿತು, ಕಾರ್ಯಕ್ರಮ ಶುರುವಾಯಿತು. ಮೊದಲು ಒಬ್ಬರು ಗಿಡ ತಿನ್ನುವ ಬಸವನಹುಳುವಿನ ಬಗ್ಗೆ ಕೇಳಿದರು. ಆಗ ಕ್ಲಿಫರ್ಡನ ಹಿತ್ತಲಿನ ಷೆಡ್ಡಿನಲ್ಲಿದ್ದ ರೇಡಿಯೊದ ಸದ್ದು ಕಿಟಕಿಯಿಂದ ಬಂತು. ಅದು ಚಪ್ಪಾಳೆ, ಮತ್ತೆ ಒಬ್ಬ ಗಂಡಸಿನ ನಿಧಾನದ ಮಾತು, ಮಧ್ಯೆ ಪಾರಿವಾಳದ ಬಗ್ಗೆ ಒಂದು ಹರಟೆ. ಕ್ರಿಕೆಟ್ಟು. ಮಾವಿಸ್ ತಲೆ ಚಚ್ಚಿಕೊಂಡಳು. ಟೆಸ್ಟ್ ಪಂದ್ಯದ ದಿನಗಳಲ್ಲಿ ಅದೇ ರೇಡಿಯೊ ಕೇಂದ್ರ ಎಫ್‌ಎಂನಲ್ಲಿ ತನ್ನ ಕಾರ್ಯಕ್ರಮ, ಲಾಂಗ್ ವೇವ್‌ನಲ್ಲಿ ಕ್ರಿಕೆಟ್ ಎಂದು ಎರಡಾಗಿ ಬಿಡುತ್ತಿತ್ತು. ಷೆಡ್ಡಿನ ರೇಡಿಯೊದ ಮುಳ್ಳು ಲಾಂಗ್ ವೇವ್ ಬಿಟ್ಟು ಕದಲಿದ್ದೇ ಇಲ್ಲ. ಕ್ಲಿಫರ್ಡ್ ಕೊಟ್ಟ ಮಾತಿನಂತೆ ಮೂರಕ್ಕೆ ರೇಡಿಯೊ ಹಾಕಿಕೊಂಡೇ ಕೂತಿದ್ದ, ಪಾಪ.

ಬಿಟ್ಟುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಅವಳು ರೇಡಿಯೊದ ತಂತಿ ಕಿತ್ತು, ಬ್ಯಾಟರಿಗೆ ಬದಲಾಯಿಸಿ, ಮಗುವಿನ ಹಾಗೆ ಎದೆಗೆ ಅವಚಿಕೊಂಡು ಹಿತ್ತಲಿಗೆ ನಡೆದಳು. ಅದು ಅಲ್ಲಿಂದಲೇ ಕಾಂಪೋಸ್ಟ್ ಗೊಬ್ಬರದ ಬಗ್ಗೆ ಮಾತಾಡುತ್ತಿತ್ತು. ಬೇಲಿಯ ಚಿಕ್ಕ ಬಾಗಿಲು ದಾಟಿ ಷೆಡ್ಡಿಗೆ ಹೊಕ್ಕು, ತಿರುಪು, ಮೊಳೆ, ದಾರದುಂಡೆಗಳ ಮಧ್ಯೆ ಅದನ್ನು ಕ್ರಿಕೆಟ್ಟಿನ ಎದುರಿಗೇ ಇಟ್ಟಳು.

"ಈಗ ಬೇಡ ತಾಯಿ," ಎಂದ ಕ್ಲಿಫರ್ಡ್, ಕಣ್ಣೆತ್ತದೆ. "ನಮ್ಮ ಯಾರ್ಕ್‌ಷೈರ್ ಹುಡುಗ ತೊಂಬತ್ತೆಂಟಕ್ಕೆ ಬಂದಿದಾನೆ."

"ನೀನು ಆ ಕಡೆ ಕಿವಿ ಕೊಡು, ನಾನೇನು ಬೇಡ ಅಂದ್ನಾ," ಎಂದು ಮಾವಿಸ್ ಮಗುಚಿದ ಬಕೆಟ್ಟಿನ ಮೇಲೆ ಕೂತಳು.

ಎರಡು ರೇಡಿಯೊ ಒಂದರ ಮೇಲೊಂದು ಮಾತಾಡಿದವು. ಬೌಲರ್ ಓಡತೊಡಗಿದ. ಅಷ್ಟರಲ್ಲಿ ಇನ್ನೊಂದು ಪೆಟ್ಟಿಗೆಯಿಂದ ಮಾವಿಸಳದೇ ಧ್ವನಿ ಬಂತು, ಸ್ವಲ್ಪ ತೆಳ್ಳಗೆ.

"ನಮ್ಮ ಪಕ್ಕದ ಮನೆಯವರದ್ದು ಒಂದು ಹಳೇ ರೂಬಾರ್ಬ್ ಇದೆ. ಅವರು ಹಲ್‌ಗೆ ಹೋಗ್ತಾರಂತೆ. ಕಿತ್ಕೊಂಡು ಹೋಗಿ ಕುಂಡದಲ್ಲಿ ನೆಟ್ರೆ ಬದುಕುತ್ತಾ?"

ಕ್ಲಿಫರ್ಡನ ಕೈ ತನ್ನ ರೇಡಿಯೊದ ಗುಂಡಿಯ ಮೇಲೆ ಹೋಯಿತು. ತೊಂಬತ್ತೆಂಟರಲ್ಲಿದ್ದ ಹುಡುಗನನ್ನು ಅಲ್ಲೇ ಬಿಟ್ಟು ಕ್ರಿಕೆಟ್ಟನ್ನು ಬಂದ್ ಮಾಡಿದ.

ಸ್ಕಾಟ್ಲೆಂಡಿನ ಉಚ್ಚಾರದ ತಜ್ಞೆಯೊಬ್ಬಳು ಉತ್ತರ ಹೇಳಿದಳು. ಬೇಸಿಗೆಯಲ್ಲಂತೂ ಕೀಳಲೇ ಬಾರದು. ಎಲೆ ಬಾಡಿ ಗಿಡ ಮಲಗುವ ಚಳಿಗಾಲದವರೆಗೆ ಕಾಯಬೇಕು. ಕಿತ್ತರೂ ಮೊದಲ ವರ್ಷ ಕೊಯ್ಯಬಾರದು. ಅಷ್ಟು ಹಳೆಯ ಬುಡ ಕುಂಡದಲ್ಲಿ ಕೊರಗುತ್ತದೆ, ಇದ್ದಲ್ಲೇ ಇರಲಿ. ಅಲ್ಲಿಗೆ ಮುಗಿಸಬಹುದಿತ್ತು. ರೇಡಿಯೊದವರು ಬಾಲ ಕತ್ತರಿಸಿರಲಿಲ್ಲ.

"ಹಾಗಾದ್ರೆ ಅವರಿಗೂ ಅದನ್ನೇ ಹೇಳಿ," ಎಂದಿತು ಪೆಟ್ಟಿಗೆಯೊಳಗಿನ ಮಾವಿಸ್. "ಇಷ್ಟು ವರ್ಷ ಬೇರು ಬಿಟ್ಟೋರನ್ನ ಕಿತ್ತರೆ ಪಕ್ಕದವರ ಗತಿ ಏನು? ಬೇಲಿ ಆಚೆ ಅವರಿಲ್ದೆ ಇದ್ರೆ ನಾನು ಯಾರ ಹತ್ರ ಮಾತಾಡ್ಲಿ, ರೇಡಿಯೊ ಹತ್ರಾನಾ?"

ಸಭಾಂಗಣ ಗೊಳ್ಳೆಂದು ನಕ್ಕಿತು. ಷೆಡ್ಡಿನಲ್ಲಿ ಯಾರೂ ನಗಲಿಲ್ಲ. ಕಾರ್ಯಕ್ರಮ ಗುಲಾಬಿಯ ರೋಗಕ್ಕೆ ಹೋಯಿತು.

"ಮೇ ತಿಂಗಳಲ್ಲಿ ಹೇಳಿದ್ದಾ ಇದು?" ಎಂದ ಕ್ಲಿಫರ್ಡ್. "ಅವತ್ತೇ ನನ್ನ ಹತ್ರ ಹೇಳೋಕೆ ಏನಾಗಿತ್ತು ನಿನಗೆ?"

"ಹೆಂಗೂ ರೇಡಿಯೊದಲ್ಲಿ ಬರುತ್ತಲ್ಲ ಅಂದ್ಕೊಂಡೆ."

ಅವನು ಕುರ್ಚಿಯಿಂದ ಎದ್ದ. ಆಮೇಲೆ ಕೋಲೂರಿಕೊಂಡು ಮನೆಯೊಳಗೆ ಹೋದ. ತೆರೆದ ಬಾಗಿಲಿನಿಂದ ಅವನು ಗಿಲಿಯನ್‌ಗೆ ಫೋನ್ ಮಾಡುವುದು ಮಾವಿಸಳಿಗೆ ಕೇಳಿಸುತ್ತಿತ್ತು. ಫ್ಲಾಟು ಬೇಡ ಎಂದ, ಮೆಟ್ಟಿಲಿನ ಗೊಡವೆಯೇ ಇಲ್ಲದ ಹಾಗೆ ಮಂಚವನ್ನು ಕೆಳಗಿನ ಮುಂದಿನ ಕೋಣೆಗೆ ಇಳಿಸಲು ಜನ ಕಳಿಸು ಎಂದ. ಗಿಲಿಯನ್ ಏನು ಕೇಳಿದಳೋ, ಇವನು ರೂಬಾರ್ಬ್ ಎಂದ, ಇನ್ನೊಮ್ಮೆ ಗಟ್ಟಿಯಾಗಿ ರೂಬಾರ್ಬ್ ಎಂದ, ಅನುಮಾನ ಇದ್ದರೆ ರೇಡಿಯೊದವರನ್ನು ಕೇಳು ಎಂದ. ಮಾವಿಸ್ ಬಕೆಟ್ಟಿನ ಮೇಲೆ ಕೂತು ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡಳು. ಇಷ್ಟು ಸಂತೋಷ ತಾಳಿಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ.

ಕ್ಲಿಫರ್ಡ್ ಎರಡು ಲೋಟ ಚಹಾ ಒಂದೇ ಕೈಯಲ್ಲಿ ಹಿಡಿದು, ಅರ್ಧ ಚೆಲ್ಲುತ್ತಾ ಬಂದ. ಸೆಂಚುರಿ ಆಯಿತೋ ಇಲ್ಲವೋ ನೋಡೋಣ ಎಂದು ಅವಳು ಅವನ ರೇಡಿಯೊದ ಗುಂಡಿಗೆ ಕೈ ಹಾಕಿದಳು. ಅವನು ಬೇಡವೆಂದು ತಲೆಯಾಡಿಸಿ ತನ್ನ ಕುರ್ಚಿಯಲ್ಲಿ ಕೂತ.

"ನಿಂದು ಭಾನುವಾರ ಮತ್ತೆ ಹಾಕ್ತಾರಲ್ವಾ?"

"ಎರಡು ಗಂಟೆಗೆ. ಆದ್ರೆ ಭಾನುವಾರಾನೂ ಕ್ರಿಕೆಟ್ ಇದೆ."

"ಇರ್ಲಿ ಬಿಡು," ಎಂದ ಕ್ಲಿಫರ್ಡ್. "ನೀನು ಮಾತಾಡುವಾಗ ನಾನು ಸುಮ್ನಿರ್ತೀನಿ."

ರೇಡಿಯೊ ಇನ್ನೂ ಏನೋ ಹೇಳುತ್ತಿತ್ತು. ಅದರ ಮೇಲೆಯೇ ಮಾವಿಸ್ ಮಾತು ಶುರುಮಾಡಿದಳು.